100, 250, 300, 1000: ಕರ್ನೆಲ್ ಟೈಮರ್ ಆರಿಸುವ ಮೊದಲು ಅಳೆದು ನೋಡಿ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಲಿನಕ್ಸ್ ಹೊಸದಲ್ಲ. ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾಯಿತು. 2017ರಲ್ಲಿ ಅದೇ ಕೈಟ್ ಎಂಬ ಸಂಸ್ಥೆಯಾಯಿತು. ಶಾಲೆಯ ಲ್ಯಾಬಿನಲ್ಲಿ ಇರುವುದು ಉಬುಂಟು ಆಧಾರದ ಕೈಟ್ ಗ್ನು ಲಿನಕ್ಸ್. ಐಸಿಟಿ ಪಾಠಪುಸ್ತಕ ಕನ್ನಡದಲ್ಲೂ ಬರುತ್ತದೆ. ಹಾಗಾಗಿ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಹತ್ತನೇ ಕ್ಲಾಸು ಮುಗಿಸಿದ ಹುಡುಗ ಹುಡುಗಿಯರು ಮನೆಯ ಹಳೇ ಲ್ಯಾಪ್‌ಟಾಪಿಗೆ ತಾವೇ ಲಿನಕ್ಸ್ ಹಾಕುತ್ತಾರೆ. ಸ್ವಲ್ಪ ಪಳಗಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಕರ್ನೆಲ್ ಟೈಮರ್ 250 ಇದೆ, 1000 ಮಾಡಿದರೆ ಫಾಸ್ಟ್ ಆಗುತ್ತದಾ?" ಕರ್ನೆಲ್ ಅಂದರೆ ಲಿನಕ್ಸಿನ ತಿರುಳು. ಅದರ ಟೈಮರ್ ಸೆಕೆಂಡಿಗೆ ಎಷ್ಟು ಸಲ ಬಡಿಯುತ್ತದೆ ಎಂಬುದೇ ಈ ಸಂಖ್ಯೆ.

ಕೆಲಸ ಬೇಗ ಮುಗಿಯುವುದಿಲ್ಲ. ಕೆಲವು ಸಂದರ್ಭಗಳಲ್ಲಿ ಕಾಯುವುದು ಕಡಿಮೆಯಾಗುತ್ತದೆ. ಇವೆರಡೂ ಬೇರೆ ಬೇರೆ ವಿಷಯ, ಬೇರೆ ಬೇರೆ ರೀತಿಯಲ್ಲಿ ಅಳೆಯಬೇಕು. ಟೈಮರ್ ಬಗ್ಗೆ ನಡೆಯುವ ಹೆಚ್ಚಿನ ವಾದಗಳಲ್ಲಿ ಈ ಎರಡನ್ನು ಒಂದೇ ಎಂದುಕೊಂಡಿರುತ್ತಾರೆ. ಸರಾಸರಿ ನೋಡಿದವರು "ಏನೂ ವ್ಯತ್ಯಾಸ ಇಲ್ಲ" ಅನ್ನುತ್ತಾರೆ. ಅತಿ ಜಾಸ್ತಿ ಆದ ತಡ ನೋಡಿದವರು "ತುಂಬಾ ವ್ಯತ್ಯಾಸ ಇದೆ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಿಮಗೆ ಯಾವುದು ಬೇಕು ಎಂದು ಮೊದಲು ತೀರ್ಮಾನ ಮಾಡಿಕೊಳ್ಳಿ.

ಟಿಕ್ ಅಂದರೆ ಏನು

ಸಿಪಿಯು ಒಳಗೆ ಲೆಕ್ಕ ಮಾಡುವ ಘಟಕಗಳಿಗೆ ಕೋರ್ ಎನ್ನುತ್ತಾರೆ. ಕೆಲಸದಲ್ಲಿರುವ ಪ್ರತಿ ಕೋರಿಗೂ ಟೈಮರ್ ಆಗಾಗ ಒಂದು ಇಂಟರಪ್ಟ್, ಅಂದರೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಇತ್ತ ನೋಡು ಎಂಬ ಸೂಚನೆ, ಕೊಡುತ್ತದೆ. ತಾಳಮದ್ದಳೆಯಲ್ಲಿ ಚಕ್ರತಾಳ ಒಂದೇ ಸಮ ಬೀಳುವ ಹಾಗೆ ಇದೂ ಸಮ ಅಂತರದಲ್ಲಿ ಬೀಳುತ್ತದೆ. ಅದೇ ಟಿಕ್. ಪ್ರತಿ ಟಿಕ್‌ನಲ್ಲಿ ಕರ್ನೆಲ್ ಲೆಕ್ಕ ಬರೆದುಕೊಳ್ಳುತ್ತದೆ: ಯಾವ ಪ್ರೋಗ್ರಾಂ ಎಷ್ಟು ಹೊತ್ತು ಓಡಿತು, ಅದರ ಪಾಲು ಮುಗಿಯಿತಾ, ಬೇರೆಯವರಿಗೆ ಬಿಟ್ಟುಕೊಡಬೇಕಾ. ಒಂದು ಸೆಕೆಂಡಿಗೆ ಎಷ್ಟು ಟಿಕ್ ಎಂಬುದೇ ಕಾನ್ಫಿಗ್ ಎಚ್‌ಝಡ್ ಎಂಬ ಸೆಟ್ಟಿಂಗ್. 100 ಇದ್ದರೆ 10 ಮಿಲಿಸೆಕೆಂಡಿಗೆ ಒಮ್ಮೆ. 250 ಇದ್ದರೆ 4 ಮಿಲಿಸೆಕೆಂಡಿಗೆ ಒಮ್ಮೆ. 1000 ಇದ್ದರೆ 1 ಮಿಲಿಸೆಕೆಂಡಿಗೆ ಒಮ್ಮೆ.

ಪಿಸಿಗಳಲ್ಲಿ ಲಿನಕ್ಸ್ 2.4ರ ಕಾಲದಲ್ಲಿ ಇದು 100 ಇತ್ತು. 2.6ರಲ್ಲಿ 1000ಕ್ಕೆ ಏರಿಸಿದರು. 2005ರಲ್ಲಿ ಬಂದ 2.6.13ರಲ್ಲಿ ನಮಗೇ ಆರಿಸಲು ಬಿಟ್ಟು 250 ಅನ್ನು ಡೀಫಾಲ್ಟ್ ಮಾಡಿದರು. ಆಮೇಲೆ ಎರಡು ದೊಡ್ಡ ಬದಲಾವಣೆ ಆದವು. 2006ರ 2.6.16ರಲ್ಲಿ ಹೈ ರೆಸಲ್ಯೂಷನ್ ಟೈಮರಿನ, ಅಂದರೆ ಸೂಕ್ಷ್ಮ ಟೈಮರಿನ, ಹೊಸ ವ್ಯವಸ್ಥೆ ಬಂತು. 2007ರ 2.6.21ರಲ್ಲಿ ಆ ಟೈಮರುಗಳು ಪಿಸಿಯಲ್ಲಿ ನಿಜವಾಗಿ ಸೂಕ್ಷ್ಮವಾದವು. ಕೆಲಸವಿಲ್ಲದ ಕೋರಿನಲ್ಲಿ ಟಿಕ್ ನಿಲ್ಲಿಸುವ ಸೌಲಭ್ಯವೂ ಆಗಲೇ ಸೇರಿತು. ಈ ಎರಡು ಬಂದ ಮೇಲೆ ಎಚ್‌ಝಡ್‌ನ ಮಹತ್ವ ತುಂಬಾ ಇಳಿಯಿತು. 2005ರ ಲೇಖನ ಓದಿ ಇವತ್ತಿನ ಕರ್ನೆಲಿನ ಬಗ್ಗೆ ತೀರ್ಮಾನ ಮಾಡಬೇಡಿ ಎಂದು ನಾನು ಹೇಳುವುದು ಇದಕ್ಕೇ. ಆಗ 1 ಮಿಲಿಸೆಕೆಂಡ್ ಮಲಗುತ್ತೇನೆ ಎಂದ ಪ್ರೋಗ್ರಾಂ ಏಳಲು ಮುಂದಿನ ಟಿಕ್ ವರೆಗೆ ಕಾಯಬೇಕಿತ್ತು. 100 ಹರ್ಟ್ಸಿನಲ್ಲಿ ಅದು 10 ಮಿಲಿಸೆಕೆಂಡಿಗಿಂತ ಜಾಸ್ತಿ. ಈಗ ಹಾಗಿಲ್ಲ. ಟಿಕ್ ಎಷ್ಟೇ ಇರಲಿ, ಮಲಗಿದ ಪ್ರೋಗ್ರಾಂ ಸಮಯಕ್ಕೆ ಸರಿಯಾಗಿ ಏಳುತ್ತದೆ.

ಹಾಗಾದರೆ ಎಚ್‌ಝಡ್ ಈಗ ಎಲ್ಲಿ ಲೆಕ್ಕಕ್ಕೆ ಬರುತ್ತದೆ? ಒಂದೇ ಕೋರಿಗೆ ಎರಡು ಮೂರು ಪ್ರೋಗ್ರಾಂಗಳು ಒಟ್ಟಿಗೆ ಪೈಪೋಟಿ ಮಾಡುವಾಗ. 2023ರ 6.6 ಕರ್ನೆಲಿನಲ್ಲಿ ಇಇವಿಡಿಎಫ್ ಎಂಬ ಹೊಸ ಸ್ಕೆಡ್ಯೂಲರ್ (ಯಾವ ಪ್ರೋಗ್ರಾಂಗೆ ಯಾವಾಗ ಸಿಪಿಯು ಸಿಗಬೇಕು ಎಂದು ತೀರ್ಮಾನಿಸುವ ಭಾಗ) ಬಂತು. ಅದು ಬಂದಾಗ ಒಬ್ಬರಿಗೆ ಸಿಗುವ ಮೂಲ ಪಾಲು 4 ಕೋರಿನ ಯಂತ್ರದಲ್ಲಿ 2.25 ಮಿಲಿಸೆಕೆಂಡ್ ಇತ್ತು. 8 ಅಥವಾ ಅದಕ್ಕಿಂತ ಜಾಸ್ತಿ ಕೋರ್ ಇದ್ದರೆ 3 ಮಿಲಿಸೆಕೆಂಡ್ ಇತ್ತು. ಆದರೆ ಪಾಲು ಮುಗಿದದ್ದು ಕರ್ನೆಲಿಗೆ ಸಾಮಾನ್ಯವಾಗಿ ಗೊತ್ತಾಗುವುದು ಮುಂದಿನ ಟಿಕ್‌ನಲ್ಲಿ. 1000 ಇದ್ದರೆ ಸುಮಾರು 3 ಮಿಲಿಸೆಕೆಂಡಿಗೆ ಗೊತ್ತಾಗುತ್ತದೆ. 250 ಇದ್ದರೆ 4ಕ್ಕೆ. 100 ಇದ್ದರೆ 10ಕ್ಕೆ. ಸರದಿಯಲ್ಲಿ ಮೂರು ಪ್ರೋಗ್ರಾಂ ಕಾಯುತ್ತಿದ್ದರೆ ಈ ವ್ಯತ್ಯಾಸ ಕೂಡುತ್ತಾ ಹೋಗುತ್ತದೆ. ಸ್ಕ್ರೀನು ತಡವರಿಸುವುದು ನಮ್ಮ ಕಣ್ಣಿಗೆ ಬೀಳುವುದು ಇಲ್ಲೇ.

ನಾಲ್ಕು ಆಯ್ಕೆ, ಒಂದು ಲೆಕ್ಕ

ಟಿಕ್ ಜಾಸ್ತಿಯಾದರೆ ಸಿಪಿಯು ಸಮಯ ಹಾಳಾಗುತ್ತದೆ ಎಂಬ ಭಯ ಹಲವರಿಗೆ ಇದೆ. ಪೆನ್ನು ಹಿಡಿದು ಲೆಕ್ಕ ಮಾಡೋಣ. ಒಂದು ಟಿಕ್‌ಗೆ 2 ಮೈಕ್ರೋಸೆಕೆಂಡ್ ಹೋಗುತ್ತದೆ ಎಂದು ಇಟ್ಟುಕೊಳ್ಳಿ. 1000 ಟಿಕ್‌ಗೆ 2 ಮಿಲಿಸೆಕೆಂಡ್, ಅಂದರೆ ಶೇಕಡ 0.2. 250ಕ್ಕೆ ಶೇಕಡ 0.05. ನಡುವಿನ ವ್ಯತ್ಯಾಸ ಶೇಕಡ 0.15. ಒಂದು ಗಂಟೆಯ ವೀಡಿಯೋ ರೆಂಡರಿಂಗಿನಲ್ಲಿ ಇದು ಐದಾರು ಸೆಕೆಂಡ್. ನಿಮ್ಮ ಯಂತ್ರದಲ್ಲಿ ಟಿಕ್‌ಗೆ ಎಷ್ಟು ಹೋಗುತ್ತದೆ ಎಂಬುದು ಬೇರೆ ಇರಬಹುದು. ಆದರೂ ಇದು ಯಾವ ಅಳತೆಯ ವಿಷಯ ಎಂಬ ಅಂದಾಜು ಸಿಕ್ಕಿತು, ಅಲ್ವಾ?

100 ಇರುವುದು ತುಂಬಾ ಕೋರಿನ ಸರ್ವರುಗಳಿಗೆ ಎಂದು ಕರ್ನೆಲಿನ ಸಹಾಯ ಪಠ್ಯವೇ ಹೇಳುತ್ತದೆ. ಮೇಜಿನ ಮೇಲಿನ ಯಂತ್ರಕ್ಕೆ ನಾನು ಇದನ್ನು ಹೇಳುವುದಿಲ್ಲ. ಉಳಿಯುವುದು ಚೂರು, ಕಳೆದುಕೊಳ್ಳುವುದು ಜಾಸ್ತಿ.

250 ಮಧ್ಯದ ದಾರಿ. ಡೆಬಿಯನ್ ಇದರಲ್ಲೇ ಇದೆ. ಉಬುಂಟುವಿನ ಸಾಮಾನ್ಯ ಕರ್ನೆಲ್ ಕೂಡ ಬಹುಕಾಲ ಇದರಲ್ಲೇ ಇತ್ತು. 2024ರ ಅಕ್ಟೋಬರಿನ 24.10ರಲ್ಲಿ ಅದು 1000ಕ್ಕೆ ಬದಲಾಯಿತು. ಫೆಡೋರಾ ಬಹುಕಾಲದಿಂದ 1000ದ ಪಕ್ಷ.

300ಕ್ಕೆ ಒಂದು ಕಾರಣ ಇತ್ತು. ನಮ್ಮ ಟಿವಿಯ ಪಾಲ್ ಪದ್ಧತಿಯ 25 ಫ್ರೇಮಿಗೂ, ಅಮೆರಿಕದ ಪದ್ಧತಿಯ 30 ಫ್ರೇಮಿಗೂ ಅದು ಶೇಷವಿಲ್ಲದೆ ಭಾಗವಾಗುತ್ತದೆ. ಈಗಿನ ವೀಡಿಯೋ ಪ್ಲೇಯರುಗಳು ಸೂಕ್ಷ್ಮ ಟೈಮರನ್ನೇ ಬಳಸುತ್ತವೆ, ಹಾಗಾಗಿ ಆ ಕಾರಣ ಹಳತಾಯಿತು. ನಿಮ್ಮ ಡಿಸ್ಟ್ರೋ (ಉಬುಂಟು, ಡೆಬಿಯನ್ ಥರದ ತಯಾರಿ ಲಿನಕ್ಸ್) 300 ಕೊಟ್ಟಿದ್ದರೆ ಇರಲಿ. ಹುಡುಕಿಕೊಂಡು ಹೋಗಿ ಹಾಕುವ ಅಗತ್ಯ ಇಲ್ಲ.

1000 ಡೆಸ್ಕ್‌ಟಾಪಿಗೆ, ಆಡಿಯೋ ಕೆಲಸಕ್ಕೆ, ಗೇಮಿಗೆ ಸರಿ. ಹಿನ್ನೆಲೆಯಲ್ಲಿ ಭಾರದ ಕೆಲಸ ಓಡುತ್ತಾ ಮುಂದೆ ನೀವು ಇನ್ನೊಂದು ಮಾಡುವವರಾದರೆ ನನ್ನ ಒಲವು ಇದಕ್ಕೇ.

ಎಚ್‌ಝಡ್ ಬೂಟ್ ಆಗುವಾಗ ಬದಲಿಸುವ ವಿಷಯ ಅಲ್ಲ. ಕರ್ನೆಲನ್ನು ಕಂಪೈಲ್ ಮಾಡುವಾಗಲೇ, ಅಂದರೆ ಸೋರ್ಸಿನಿಂದ ತಯಾರಿಸುವಾಗಲೇ, ಅದು ಒಳಗೆ ಕೂತುಬಿಡುತ್ತದೆ. ಬದಲಿಸಬೇಕಾದರೆ ಬೇರೆ ಕರ್ನೆಲ್ ಬೇಕು. ಈಗ ಎಷ್ಟಿದೆ ಎಂದು ನೋಡಲು ಬೂಟ್ ಫೋಲ್ಡರಿನಲ್ಲಿ ನಿಮ್ಮ ಕರ್ನೆಲ್ ಆವೃತ್ತಿಯ ಹೆಸರಿರುವ ಕಾನ್ಫಿಗ್ ಫೈಲಿನಲ್ಲಿ ಹುಡುಕಿ. ಗೆಟ್‌ಕಾನ್ಫ್ ಕಮಾಂಡಿನಲ್ಲಿ ಕ್ಲಾಕ್ ಟಿಕ್ ಕೇಳಿ ನೋಡುವವರು ಇದ್ದಾರೆ. ಅದು ಸಾಮಾನ್ಯ ಯಂತ್ರಗಳಲ್ಲಿ ಯಾವಾಗಲೂ 100 ಎಂದೇ ಹೇಳುತ್ತದೆ. ಪ್ರೋಗ್ರಾಂಗಳಿಗೆ ತೋರಿಸಲು ಇಟ್ಟ ಲೆಕ್ಕ ಅದು. ಒಳಗಿನ ನಿಜವಾದ ಟಿಕ್ ಅಲ್ಲ.

ಎಚ್‌ಝಡ್‌ಗೆ ಮೊದಲು ನೋಡಬೇಕಾದ ಮೂರು

ನನ್ನ ಮಟ್ಟಿಗೆ ಇವು ಎಚ್‌ಝಡ್‌ಗಿಂತ ದೊಡ್ಡವು. ಇವನ್ನು ನೋಡದೆ ಕರ್ನೆಲ್ ಕಂಪೈಲ್ ಮಾಡಲು ಕೂರಬೇಡಿ.

ಮೊದಲನೆಯದು ಕ್ಲಾಕ್‌ಸೋರ್ಸ್. ಕರ್ನೆಲ್ ಗಂಟೆ ನೋಡುವುದು ಯಾವುದರಿಂದ ಎಂಬುದು. ಈಗಿನ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಟಿಎಸ್‌ಸಿ ಇರಬೇಕು. ಅದು ಸಿಪಿಯು ಒಳಗೇ ಇದೆ, ಓದಲು ಕೆಲವು ಹತ್ತು ನ್ಯಾನೋಸೆಕೆಂಡ್ ಸಾಕು. ಹಳೇ ಲ್ಯಾಪ್‌ಟಾಪಿನಲ್ಲಿ, ಕೆಲವು ಬಯಾಸ್‌ಗಳಲ್ಲಿ, ಟಿಎಸ್‌ಸಿ ನಂಬಲಾಗದು ಎಂದು ಕರ್ನೆಲ್ ಅದನ್ನು ಬಿಟ್ಟು ಎಚ್‌ಪಿಇಟಿಗೆ ಹೋಗುತ್ತದೆ. ಆಗ ಪ್ರತಿ ಸಲ ಸಮಯ ಕೇಳಲು ಕರ್ನೆಲಿನ ಒಳಗೆ ಹೋಗಿ, ಹೊರಗಿನ ಚಿಪ್ ಓದಿ ಬರಬೇಕು. ಹತ್ತಾರು ಪಟ್ಟು ನಿಧಾನ. ಡೇಟಾಬೇಸ್, ಬ್ರೌಸರ್, ಗೇಮ್ ಎಲ್ಲ ಸೆಕೆಂಡಿಗೆ ಸಾವಿರಾರು ಸಲ ಸಮಯ ಕೇಳುತ್ತವೆ. ಇಲ್ಲಿ ಆಗುವ ನಷ್ಟದ ಮುಂದೆ ಎಚ್‌ಝಡ್‌ನ ಲೆಕ್ಕ ಏನೂ ಅಲ್ಲ. ಸಿಸ್ ಫೋಲ್ಡರಿನ ಒಳಗೆ ಕರೆಂಟ್ ಕ್ಲಾಕ್‌ಸೋರ್ಸ್ ಎಂಬ ಫೈಲಿದೆ. ಒಂದು ಸಲ ತೆರೆದು ನೋಡಿ.

ಎರಡನೆಯದು ಪ್ರೀಎಂಪ್ಷನ್. ಕರ್ನೆಲ್ ತನ್ನದೇ ಕೆಲಸದ ಮಧ್ಯೆ ಇದ್ದಾಗ ಅದನ್ನು ನಿಲ್ಲಿಸಿ ಬೇರೆಯವರಿಗೆ ಸಿಪಿಯು ಕೊಡಬಹುದಾ ಎಂಬ ಪ್ರಶ್ನೆ. ನನ್ ಎಂದರೆ ಮಧ್ಯದಲ್ಲಿ ನಿಲ್ಲಿಸುವುದೇ ಇಲ್ಲ. ವಾಲಂಟರಿ ಎಂದರೆ ಗುರುತು ಮಾಡಿದ ಜಾಗಗಳಲ್ಲಿ ಮಾತ್ರ. ಫುಲ್ ಎಂದರೆ ಲಾಕ್ ಹಿಡಿದ ಭಾಗ ಬಿಟ್ಟು ಎಲ್ಲಿ ಬೇಕಾದರೂ. ಇದರ ಮುಂದಿನ ಹಂತ ರಿಯಲ್‌ಟೈಮ್. ಸುಮಾರು ಇಪ್ಪತ್ತು ವರ್ಷ ಹೊರಗೆ ಪ್ಯಾಚ್ ಆಗಿ ಬೆಳೆದ ಆ ಕೆಲಸ 2024ರ ನವೆಂಬರಿನ 6.12ರಲ್ಲಿ ಮುಖ್ಯ ಕರ್ನೆಲಿಗೆ ಸೇರಿತು. 2021ರ 5.12ರಿಂದ ಡೈನಮಿಕ್ ಪ್ರೀಎಂಪ್ಷನ್ ಎಂಬ ಸೌಲಭ್ಯ ಇದೆ. ಯುನೇಮ್ ಕಮಾಂಡಿನ ಉತ್ತರದಲ್ಲಿ ಪ್ರೀಎಂಪ್ಟ್ ಡೈನಮಿಕ್ ಎಂದು ಕಂಡರೆ ನಿಮಗೆ ಅನುಕೂಲ. ಬೂಟ್ ಲೈನಿನಲ್ಲಿ ಒಂದು ಮಾತು ಸೇರಿಸಿ ಬದಲಿಸಬಹುದು. ಡೀಬಗ್ ಫೈಲ್‌ಸಿಸ್ಟಮಿನ ಸ್ಕೆಡ್ ಫೋಲ್ಡರಿನಲ್ಲಿ ಪ್ರೀಎಂಪ್ಟ್ ಎಂಬ ಫೈಲಿಗೆ ಬರೆದರೆ ರೀಬೂಟ್ ಕೂಡ ಬೇಡ. ಅಳೆಯಲು ಇದಕ್ಕಿಂತ ಸುಲಭ ಬೇರೆ ಇಲ್ಲ: ಅದೇ ಕರ್ನೆಲ್, ಅದೇ ಬಿಸಿ, ಅದೇ ಕೆಲಸ, ಒಂದೇ ಒಂದು ಬದಲಾವಣೆ.

ಮೂರನೆಯದು ಟಿಕ್ ನಿಲ್ಲಿಸುವ ವಿಧಾನ. ಪೀರಿಯಾಡಿಕ್, ಐಡಲ್, ಫುಲ್ ಎಂದು ಮೂರು. ಪೀರಿಯಾಡಿಕ್ ಅಂದರೆ ಕೋರು ಸುಮ್ನೆ ಇದ್ದರೂ ಟಿಕ್ ಬೀಳುತ್ತದೆ, ಬ್ಯಾಟರಿಗೆ ಕೆಟ್ಟದು. ಐಡಲ್ ಅಂದರೆ ಕೆಲಸ ಇಲ್ಲದಾಗ ಟಿಕ್ ಇಲ್ಲ. ಹೆಚ್ಚಿನವರಿಗೆ ಇದೇ ಸಾಕು. ಫುಲ್ 2013ರ 3.10ರಲ್ಲಿ ಬಂತು. ಒಂದು ಕೋರಿನಲ್ಲಿ ಒಂದೇ ಪ್ರೋಗ್ರಾಂ ಓಡುತ್ತಿದ್ದರೆ ಆಗಲೂ ಟಿಕ್ ನಿಲ್ಲಿಸುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಉಳಿದ ಕೆಲಸ ನೋಡಿಕೊಳ್ಳಲು ಕನಿಷ್ಠ ಒಂದು ಕೋರನ್ನು ಬೇರೆ ಇಡಬೇಕು, ಮತ್ತು ಪ್ರತಿ ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನೆಲಿನ ಹತ್ತಿರ ಕೆಲಸ ಕೇಳುವುದು) ಸ್ವಲ್ಪ ದುಬಾರಿಯಾಗುತ್ತದೆ. ದೊಡ್ಡ ಲೆಕ್ಕದ ಸರ್ವರಿಗೆ, ನೆಟ್‌ವರ್ಕ್ ಪ್ಯಾಕೆಟ್ ಹಿಡಿಯುವ ಯಂತ್ರಕ್ಕೆ ಅದು ಸರಿ. 4 ಕೋರಿನ ಲ್ಯಾಪ್‌ಟಾಪಿಗೆ ಬೇಡ.

ಅಳೆಯುವುದು ಹೇಗೆ

ಮೊದಲು ಟಿಕ್ ನಿಜಕ್ಕೂ ಬೀಳುತ್ತಿದೆಯಾ ನೋಡಿ. ಪ್ರಾಕ್ ಫೋಲ್ಡರಿನ ಇಂಟರಪ್ಟ್ಸ್ ಫೈಲಿನಲ್ಲಿ ಲೋಕಲ್ ಟೈಮರ್ ಇಂಟರಪ್ಟ್ಸ್ ಎಂಬ ಸಾಲಿದೆ. ಪ್ರತಿ ಕೋರಿಗೆ ಒಂದು ಕಾಲಂ. ಒಂದು ಕೋರಿಗೆ ಪೂರ್ತಿ ಕೆಲಸ ಕೊಟ್ಟು, 10 ಸೆಕೆಂಡ್ ಅಂತರದಲ್ಲಿ ಎರಡು ಸಲ ಓದಿ, ಕಳೆಯಿರಿ. 250ರ ಕರ್ನೆಲಿನಲ್ಲಿ ಸುಮಾರು 2500, 1000ದ್ದರಲ್ಲಿ ಸುಮಾರು 10000 ಏರಿರಬೇಕು. ಕೆಲಸವಿಲ್ಲದ ಕೋರಿನಲ್ಲಿ ಇದಕ್ಕಿಂತ ತುಂಬಾ ಕಡಿಮೆ ಇರಬೇಕು. ಹಾಗಿಲ್ಲ ಅಂದರೆ ಐಡಲ್ ಟಿಕ್ ನಿಂತಿಲ್ಲ, ಅಥವಾ ಯಾವುದೋ ಪ್ರೋಗ್ರಾಂ ಆಗಾಗ ಎಬ್ಬಿಸುತ್ತಿದೆ. ಪವರ್‌ಟಾಪ್ ಹಾಕಿದರೆ ಯಾರು ಎಬ್ಬಿಸುತ್ತಿದ್ದಾರೆ ಎಂದು ಹೆಸರು ಸಹಿತ ತೋರಿಸುತ್ತದೆ.

ಇನ್ನು ತಡದ ಅಳತೆ. ಎಲ್ಲರೂ ಹೇಳುವ ಉಪಕರಣ ಸೈಕ್ಲಿಕ್‌ಟೆಸ್ಟ್. ಆರ್‌ಟಿ ಟೆಸ್ಟ್ಸ್ ಎಂಬ ಪ್ಯಾಕೇಜಿನಲ್ಲಿದೆ. ಇಂತಿಷ್ಟು ಹೊತ್ತಿಗೆ ಎಬ್ಬಿಸು ಎಂದು ಕೇಳಿ, ನಿಜಕ್ಕೂ ಎಷ್ಟು ಹೊತ್ತಿಗೆ ಎಬ್ಬಿಸಿದರು ಎಂದು ನೋಡಿ, ಕನಿಷ್ಠ, ಸರಾಸರಿ, ಗರಿಷ್ಠ ತಡವನ್ನು ಮೈಕ್ರೋಸೆಕೆಂಡಿನಲ್ಲಿ ಕೊಡುತ್ತದೆ. ಒಳ್ಳೆಯ ಉಪಕರಣ. ಆದರೆ ಎಚ್‌ಝಡ್ ಹೋಲಿಸಲು ಅದನ್ನು ಎಲ್ಲರೂ ಓಡಿಸುವ ಹಾಗೆ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಅದನ್ನು ರಿಯಲ್‌ಟೈಮ್ ಆದ್ಯತೆ ಕೊಟ್ಟು ಓಡಿಸುತ್ತಾರೆ. ಆಗ ಅದು ಎಲ್ಲರನ್ನೂ ದಾಟಿ ಮುಂದೆ ಹೋಗುತ್ತದೆ. ಅದನ್ನು ಎಬ್ಬಿಸುವುದು ಸೂಕ್ಷ್ಮ ಟೈಮರ್. ಟಿಕ್‌ಗೆ ಅಲ್ಲಿ ಪಾತ್ರವೇ ಇಲ್ಲ. 100 ಆಗಲಿ 1000 ಆಗಲಿ ಹೆಚ್ಚುಕಡಿಮೆ ಒಂದೇ ಉತ್ತರ. ಪ್ರೀಎಂಪ್ಷನ್ ಹೋಲಿಸಲು ಮಾತ್ರ ಇದು ತಕ್ಕ ಅಳತೆ.

ಎಚ್‌ಝಡ್‌ನ ಪರಿಣಾಮ ಕಾಣಬೇಕಾದರೆ ಸಾಮಾನ್ಯ ಆದ್ಯತೆಯ ಪ್ರೋಗ್ರಾಂ ಪೈಪೋಟಿಯಲ್ಲಿ ಎಷ್ಟು ಕಾಯಿತು ಎಂದು ನೋಡಬೇಕು. ಇದಕ್ಕೆ ಎರಡು ದಾರಿ. ಸೈಕ್ಲಿಕ್‌ಟೆಸ್ಟನ್ನೇ ಸಾಮಾನ್ಯ ಆದ್ಯತೆಯಲ್ಲಿ ಓಡಿಸಿ, ಜೊತೆಗೆ ಸ್ಟ್ರೆಸ್ ಎನ್‌ಜಿ ಬಳಸಿ ಕೋರಿಗೆ ಎರಡು ಮೂರರಂತೆ ಭಾರ ಹಾಕಿ. ಇಲ್ಲವೇ ನಿಮ್ಮ ನಿಜವಾದ ಕೆಲಸ ಓಡುವಾಗ ಪರ್ಫ್ ಎಂಬ ಅಳತೆಯ ಉಪಕರಣದಲ್ಲಿ ಪರ್ಫ್ ಸ್ಕೆಡ್ ರೆಕಾರ್ಡ್ ಮಾಡಿ, ಆಮೇಲೆ ಪರ್ಫ್ ಸ್ಕೆಡ್ ಲೇಟೆನ್ಸಿ ಕೇಳಿ. ಯಾವ ಪ್ರೋಗ್ರಾಂ ಸರಾಸರಿ ಎಷ್ಟು ಕಾಯಿತು, ಅತಿ ಜಾಸ್ತಿ ಎಷ್ಟು ಕಾಯಿತು ಎಂಬ ಪಟ್ಟಿ ಬರುತ್ತದೆ. ನನಗೆ ಎರಡನೆಯದೇ ಇಷ್ಟ. ಅದರಲ್ಲಿ ಕಾಣುವುದು ನಿಮ್ಮದೇ ಬ್ರೌಸರ್, ನಿಮ್ಮದೇ ರೆಕಾರ್ಡಿಂಗ್ ಪ್ರೋಗ್ರಾಂ. ಗರಿಷ್ಠದ ಕಾಲಂ ಮೊದಲು ಓದಿ. ಕೈಗೆ, ಕಿವಿಗೆ ತಾಗುವುದು ಅದು.

ಇನ್ನೊಂದು ಗೊಂದಲ ಸಣ್ಣ ಸಿ ಪ್ರೋಗ್ರಾಂ ಬರೆದು ಅಳೆಯುವವರಿಗೆ ಆಗುತ್ತದೆ. 1 ಮಿಲಿಸೆಕೆಂಡ್ ಮಲಗಿಸಿ ಎದ್ದಾಗ 1.05ಕ್ಕಿಂತ ಸ್ವಲ್ಪ ಜಾಸ್ತಿ ಎಂದು ಬರುತ್ತದೆ. ಆ ಹೆಚ್ಚಿನ 50 ಮೈಕ್ರೋಸೆಕೆಂಡ್ ಟೈಮರ್ ಸ್ಲ್ಯಾಕ್. ಹತ್ತಿರ ಹತ್ತಿರದ ಟೈಮರುಗಳನ್ನು ಒಟ್ಟಿಗೆ ಎಬ್ಬಿಸಿ ವಿದ್ಯುತ್ ಉಳಿಸಲು ಕರ್ನೆಲ್ ಕೊಟ್ಟ ಸಡಿಲ ಅದು. ಪಿಆರ್‌ಸಿಟಿಎಲ್ ಕಾಲ್ ಮಾಡಿ ಕಡಿಮೆ ಮಾಡಬಹುದು. ರಿಯಲ್‌ಟೈಮ್ ಆದ್ಯತೆ ಇದ್ದವರಿಗೆ ಆ ಸಡಿಲ ಇಲ್ಲ. ಇಲ್ಲಿ 1.05ರ ಬದಲು 4 ಅಥವಾ 10 ಮಿಲಿಸೆಕೆಂಡಿನ ಹತ್ತಿರ ಬಂದರೆ ಸೂಕ್ಷ್ಮ ಟೈಮರೇ ಓಡುತ್ತಿಲ್ಲ ಎಂದು ಅರ್ಥ. ಆಗ ಎಚ್‌ಝಡ್ ಬಿಟ್ಟು ಅದನ್ನು ಸರಿಮಾಡಿ.

ಕೆಲಸ ಮುಗಿಯುವ ವೇಗಕ್ಕೆ ಪರ್ಫ್ ಸ್ಟಾಟ್ ಸಾಕು. ಒಂದೇ ಕೆಲಸವನ್ನು ಇಷ್ಟು ಸಲ ಮಾಡು ಎಂದು ಹೇಳಬಹುದು. ಸರಾಸರಿಯ ಜೊತೆ ಎಷ್ಟು ಆಚೆ ಈಚೆ ಆಯಿತು ಎಂಬ ಶೇಕಡವನ್ನೂ ಕೊಡುತ್ತದೆ. ಎರಡು ಕರ್ನೆಲಿನ ನಡುವಿನ ವ್ಯತ್ಯಾಸ ಆ ಆಚೆ ಈಚೆಗಿಂತ ಚಿಕ್ಕದಾಗಿದ್ದರೆ ವ್ಯತ್ಯಾಸ ಸಿಗಲಿಲ್ಲ ಎಂದೇ ಬರೆದುಕೊಳ್ಳಿ. ಒಳಗಿನ ಆಸೆಗೆ ತಕ್ಕ ಸಂಖ್ಯೆ ಹೆಕ್ಕಬಾರದು.

ನಮ್ಮೂರಿನಲ್ಲಿ ಅಳತೆ ಕೆಡುವುದು ಎಲ್ಲಿ

ಇದನ್ನು ಸ್ವಲ್ಪ ಜೋರಾಗಿಯೇ ಹೇಳಬೇಕು. ಯಾಕೆಂದರೆ ಹೊರಗಿನ ಮಾರ್ಗದರ್ಶಿಗಳಲ್ಲಿ ಎಸಿ ಇರುವ ಲ್ಯಾಬನ್ನು ಮನಸ್ಸಿನಲ್ಲಿಟ್ಟು ಬರೆದಿರುತ್ತಾರೆ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕರಾವಳಿಯ ಮನೆಯಲ್ಲಿ ಲ್ಯಾಪ್‌ಟಾಪ್ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಸಿಪಿಯು ಬಿಸಿಯಾದ ಕೂಡಲೇ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಆರು ಗಂಟೆಗೆ 250 ಅಳೆದು, ಮಧ್ಯಾಹ್ನ ಎರಡು ಗಂಟೆಗೆ 1000 ಅಳೆದರೆ ನೀವು ಅಳೆದದ್ದು ಸೆಕೆಯನ್ನು. ಟೈಮರನ್ನಲ್ಲ. ಅದಕ್ಕೆ ಒಂದು ಕರ್ನೆಲನ್ನು ಎಲ್ಲ ಸಲ ಓಡಿಸಿ ಆಮೇಲೆ ಇನ್ನೊಂದಕ್ಕೆ ಹೋಗಬೇಡಿ. ಇದು, ಅದು, ಇದು, ಅದು ಎಂದು ಬದಲಿಸುತ್ತಾ ಓಡಿಸಿ. ರೀಬೂಟ್ ಮಾಡುವುದು ಬೇಜಾರಿನ ಕೆಲಸ, ನಿಜ. ಆದರೆ ಸೆಕೆಯ ಪರಿಣಾಮ ಎರಡೂ ಕಡೆ ಸಮನಾಗಿ ಹಂಚಿಹೋಗುತ್ತದೆ. ಟರ್ಬೋ ಬೂಸ್ಟ್ ಆಫ್ ಮಾಡಿ. ಇಂಟೆಲ್ ಯಂತ್ರದಲ್ಲಿ ನೋ ಟರ್ಬೋ ಎಂಬ ಫೈಲಿಗೆ 1 ಬರೆದರಾಯಿತು. ಸಿಪಿಯು ವೇಗವನ್ನು ತೀರ್ಮಾನಿಸುವ ಗವರ್ನರ್ ಸೆಟ್ಟಿಂಗನ್ನು ಎರಡೂ ಸಲ ಒಂದೇ ಇಡಿ. ಪ್ರತಿ ಓಟದ ಮೊದಲು ಉಷ್ಣತೆ ನೋಡಿ, ಹಿಂದಿನ ಮಟ್ಟಕ್ಕೆ ಇಳಿಯುವ ತನಕ ಕಾಯಿರಿ.

ಕರೆಂಟ್ ಇನ್ನೊಂದು. ಮಳೆಗಾಲದಲ್ಲಿ ಅಡಿಕೆ ಮರ ತಂತಿಗೆ ಬಿದ್ದು ಕರೆಂಟ್ ಹೋಗುವುದು ನಮಗೆ ಮಾಮೂಲು. ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದ ಕೂಡಲೇ ಪವರ್ ಪ್ರೊಫೈಲ್ ಬದಲಾಗಬಹುದು, ಸಿಪಿಯು ವೇಗ ಇಳಿಯಬಹುದು. ಓಟದ ಮಧ್ಯೆ ಹೀಗಾದರೆ ಆ ಓಟವನ್ನು ಬಿಟ್ಟುಬಿಡಿ. ಚಾರ್ಜರ್ ಇತ್ತಾ ಇಲ್ಲವಾ ಎಂಬುದನ್ನು ಸ್ಕ್ರಿಪ್ಟೇ ಬರೆದಿಡಲಿ. ಪವರ್ ಸಪ್ಲೈ ಫೋಲ್ಡರಿನಿಂದ ಅದನ್ನು ಓದಬಹುದು. ನೆನಪಿಟ್ಟುಕೊಳ್ಳುತ್ತೇನೆ ಎಂದರೆ ಆಗುವುದಿಲ್ಲ.

ಯಾರಿಗೆ ಯಾವುದು

ಓದುವ ಮಕ್ಕಳ ಲ್ಯಾಪ್‌ಟಾಪ್. ಬ್ರೌಸರ್, ಲಿಬ್ರೆ ಆಫೀಸ್, ಸ್ವಲ್ಪ ಪೈಥಾನ್. ಬಂದದ್ದು ಹಾಗೆಯೇ ಇರಲಿ, 250 ಆಗಲಿ 1000 ಆಗಲಿ. ಬ್ಯಾಟರಿಯ ಚಿಂತೆ ಇದ್ದರೆ ಚಾರ್ಜರ್ ತೆಗೆದು, ಒಂದೇ ಬೆಳಕಿನಲ್ಲಿ, ಒಂದೇ ವೀಡಿಯೋ ಓಡಿಸಿ ಪವರ್ ನೌ ಎಂಬ ಫೈಲನ್ನು ಆಗಾಗ ಓದಿ ಬರೆದಿಡಿ. ಆ ಫೈಲ್ ಇಲ್ಲದ ಯಂತ್ರದಲ್ಲಿ ಕರೆಂಟ್ ಮತ್ತು ವೋಲ್ಟೇಜ್ ಎರಡನ್ನೂ ಓದಿ ಗುಣಿಸಿ. ಐಡಲ್ ಟಿಕ್ ನಿಲ್ಲುವ ಕಾರಣ ಎಚ್‌ಝಡ್‌ನಿಂದ ಆಗುವ ವ್ಯತ್ಯಾಸ ಅಳತೆಗೆ ಸಿಗುವುದೇ ಕಷ್ಟ. ಸ್ಕ್ರೀನಿನ ಬೆಳಕು ಒಂದು ಹಂತ ಇಳಿಸಿದರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ.

ತಾಳಮದ್ದಳೆ, ಯಕ್ಷಗಾನ ರೆಕಾರ್ಡ್ ಮಾಡುವವರು, ಲೈವ್ ಕಳಿಸುವವರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆಯ ಸುತ್ತ ಇಂಥವರು ತುಂಬಾ ಜನ ಇದ್ದಾರೆ. ಇವರಿಗಾಗಿಯೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಟೈಮರ್, ಪ್ರೀಎಂಪ್ಷನ್ ಎಲ್ಲ ನಿಜಕ್ಕೂ ಬೇಕಾಗುವುದು ಇಲ್ಲೇ.

ಮೊದಲು ಬಫರ್, ಅಂದರೆ ಸ್ವರವನ್ನು ಸ್ವಲ್ಪ ಹೊತ್ತು ತುಂಬಿಡುವ ಜಾಗದ ಲೆಕ್ಕ ಹಾಕಿ. 48000 ಹರ್ಟ್ಸಿನಲ್ಲಿ 1024 ಫ್ರೇಮಿನ ಬಫರ್ ಅಂದರೆ 21.3 ಮಿಲಿಸೆಕೆಂಡ್. 256 ಅಂದರೆ 5.3. 128 ಅಂದರೆ 2.7. ಸುಮ್ನೆ ರೆಕಾರ್ಡ್ ಮಾಡಿಕೊಳ್ಳುವುದಾದರೆ 1024ರಲ್ಲೇ ಇರಿ. ತಡ ಯಾರಿಗೂ ಕೇಳುವುದಿಲ್ಲ, ಕಂಪ್ಯೂಟರಿಗೆ ಉಸಿರಾಡಲು ಸಮಯ ಸಿಗುತ್ತದೆ, ಯಾವ ಕರ್ನೆಲ್ ಆದರೂ ನಡೆಯುತ್ತದೆ. ಭಾಗವತರ ಕಿವಿಗೆ ಹೆಡ್‌ಫೋನಿನಲ್ಲಿ ಅವರದೇ ಸ್ವರವನ್ನು ಕಂಪ್ಯೂಟರ್ ಮೂಲಕ ವಾಪಸ್ ಕೊಡಬೇಕು ಎಂದಾದರೆ ವಿಷಯ ಬೇರೆ. ಆಗ 128 ಅಥವಾ 256 ಬೇಕು. ತಡವಾದರೆ ಪದದ ಲಯಕ್ಕೇ ತೊಂದರೆ. ಇಲ್ಲಿ ಪ್ರೀಎಂಪ್ಷನ್ ಫುಲ್ ಮಾಡುವುದು ಮೊದಲ ಕೆಲಸ. ಆಡಿಯೋ ಥ್ರೆಡ್ಡಿಗೆ (ಪ್ರೋಗ್ರಾಂನಲ್ಲಿ ಸ್ವರ ನೋಡಿಕೊಳ್ಳುವ ಭಾಗಕ್ಕೆ) ರಿಯಲ್‌ಟೈಮ್ ಆದ್ಯತೆ ಸಿಕ್ಕಿದೆಯಾ ನೋಡುವುದು ಎರಡನೆಯದು. ಎಚ್‌ಝಡ್ ಮೂರನೆಯದು.

ಲೈವ್ ಕಳಿಸುವಾಗ ಎಚ್‌ಝಡ್ ಸ್ವಲ್ಪ ಮೇಲೆ ಬರುತ್ತದೆ. ಒಬಿಎಸ್ ಎಂಬ ಲೈವ್ ಕಳಿಸುವ ಪ್ರೋಗ್ರಾಂ ಗ್ರಾಫಿಕ್ಸ್ ಚಿಪ್ ಬಳಸದೆ ಸಿಪಿಯುವಿನಲ್ಲೇ ವೀಡಿಯೋ ಎನ್‌ಕೋಡ್ ಮಾಡುತ್ತಿದ್ದರೆ ಎಲ್ಲ ಕೋರುಗಳೂ ತುಂಬಿರುತ್ತವೆ. ಆಡಿಯೋ ಥ್ರೆಡ್ ಆದ್ಯತೆಯಿಂದ ಬಚಾವಾಗುತ್ತದೆ. ಆದರೆ ಸ್ಕ್ರೀನು, ಮೌಸು, ಸೀನ್ ಬದಲಿಸುವ ಬಟನ್ ಎಲ್ಲ ಸಾಮಾನ್ಯ ಆದ್ಯತೆಯಲ್ಲಿ ಸರದಿ ಕಾಯುತ್ತವೆ. ಇಲ್ಲಿ 1000 ಹಾಕಿ. ಉಬುಂಟುವಿನ ಹಳೇ ಎಲ್‌ಟಿಎಸ್ (ಬಹುಕಾಲ ಬೆಂಬಲ ಸಿಗುವ ಆವೃತ್ತಿ) ಇದ್ದವರು ಕಂಪೈಲ್ ಮಾಡಬೇಕಾಗಿಲ್ಲ. ಲೋ ಲೇಟೆನ್ಸಿ ಎಂಬ ಕರ್ನೆಲ್ ಪ್ಯಾಕೇಜ್ ಹಾಕಿದರೆ 1000 ಮತ್ತು ಫುಲ್ ಪ್ರೀಎಂಪ್ಷನ್ ಎರಡೂ ಒಟ್ಟಿಗೆ ಬರುತ್ತವೆ.

ಅಳತೆ? ನಿಮ್ಮ ಯಂತ್ರದಲ್ಲಿ ಸ್ವರ ನೋಡಿಕೊಳ್ಳುವುದು ಪೈಪ್‌ವೈರ್ ಎಂಬ ವ್ಯವಸ್ಥೆಯಾದರೆ ಪಿಡಬ್ಲ್ಯು ಟಾಪ್ ಓಡಿಸಿ. ಅದರಲ್ಲಿ ತಪ್ಪುಗಳ ಕಾಲಂ ಇದೆ, ಬಫರ್ ಖಾಲಿಯಾದಾಗಲೆಲ್ಲ ಒಂದು ಏರುತ್ತದೆ. ನಿಜವಾದ ಪ್ರಸಂಗದಷ್ಟೇ ಹೊತ್ತು, ನಿಜವಾದ ಎನ್‌ಕೋಡಿಂಗ್ ಜೊತೆ, ಹಿಂದಿನ ದಿನವೇ ಓಡಿಸಿ ನೋಡಿ. ಐದು ನಿಮಿಷದ ಪರೀಕ್ಷೆ ಸಾಲದು. ಅರ್ಧರಾತ್ರಿ ಬ್ಯಾಕಪ್ ಅಥವಾ ಅಪ್‌ಡೇಟ್ ಶುರುವಾಗಿ ಚೆಂಡೆಯ ಸ್ವರ ಕಡಿದುಹೋಗುವುದು ಆ ಐದು ನಿಮಿಷದಲ್ಲಿ ಕಾಣುವುದಿಲ್ಲ. ಕರ್ನೆಲ್ ಬದಲಿಸುವ ಮೊದಲು ಅಂಥ ತಾನಾಗಿ ಓಡುವ ಕೆಲಸಗಳನ್ನು ನಿಲ್ಲಿಸಿ ಒಂದು ಸಲ ಅಳೆಯಿರಿ.

ತೋಟದ ಯಂತ್ರ. ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯ) ನೀರು ತುಂಬುವ ಟ್ಯಾಂಕಿಯ ಮಟ್ಟ ನೋಡಿ ಪಂಪು ಆನ್ ಆಫ್ ಮಾಡುವ ರಾಸ್ಪ್‌ಬೆರ್ರಿ ಪೈ ಇಟ್ಟವರು ಎಚ್‌ಝಡ್ ಯೋಚಿಸುವುದೇ ಬೇಡ. ನಿಮಿಷಕ್ಕೊಮ್ಮೆ ಓದುವ ಸೆನ್ಸರಿಗೆ 10 ಮಿಲಿಸೆಕೆಂಡ್ ಏನೂ ಅಲ್ಲ. ಮೈಕ್ರೋಸೆಕೆಂಡಿನ ಲೆಕ್ಕದ ಪಲ್ಸ್ ಕಳಿಸುವ ಸೆನ್ಸರನ್ನು ಪೈಥಾನಿನಲ್ಲಿ ಓದುವಾಗ ಆಗಾಗ ತಪ್ಪು ಬಂದರೆ 1000 ಹಾಕಿದರೂ ಅದು ಸರಿಯಾಗುವುದಿಲ್ಲ. ಕರ್ನೆಲ್ ಡ್ರೈವರ್ ಬಳಸಿ. ಇಲ್ಲವೇ ಆ ಕೆಲಸವನ್ನು ಒಂದು ಮೈಕ್ರೋಕಂಟ್ರೋಲರಿಗೆ ಬಿಡಿ.

ಬಾಡಿಗೆಗೆ ತೆಗೆದುಕೊಂಡ ವರ್ಚುವಲ್ ಸರ್ವರ್. ಇಲ್ಲಿ ಮಾತ್ರ ನಾನು 1000ದ ಪಕ್ಷದಲ್ಲಿಲ್ಲ. ವರ್ಚುವಲ್ ಯಂತ್ರದಲ್ಲಿ ಒಂದು ಟಿಕ್ ಬಂದರೆ ಹಲವು ಸಲ ಒಳಗಿನಿಂದ ಹೊರಗಿನ ಯಂತ್ರಕ್ಕೆ ಹೋಗಿ ಬರಬೇಕಾಗುತ್ತದೆ. ಮೇಲೆ ಹೇಳಿದ 2 ಮೈಕ್ರೋಸೆಕೆಂಡಿನ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ, ಜಾಸ್ತಿ ಆಗುತ್ತದೆ. ವೆಬ್‌ಸೈಟ್, ಡೇಟಾಬೇಸ್ ಓಡಿಸುವವರಿಗೆ 250 ಸಾಕು, 100 ಕೂಡ ನಡೆಯುತ್ತದೆ. ಅಳೆಯುವಾಗ ಟಾಪ್ ಕಮಾಂಡಿನಲ್ಲಿ ಸ್ಟೀಲ್ ಎಂಬ ಸಂಖ್ಯೆಯ ಮೇಲೆ ಕಣ್ಣಿರಲಿ. ಅದು ಪಕ್ಕದ ಬಾಡಿಗೆದಾರರಿಂದಾಗಿ ನಿಮಗೆ ಸಿಗದೆ ಹೋದ ಸಮಯ. ಅದು ಏರಿದಾಗ ಮಾಡಿದ ಅಳತೆಗೆ ಬೆಲೆ ಇಲ್ಲ.

ಸ್ವಂತ ಕರ್ನೆಲ್ ಮಾಡುವುದಾದರೆ

ಅಳೆದ ಮೇಲೂ ಬೇಕು ಅನಿಸಿದರೆ ಮಾಡಿ. ಡಿಸ್ಟ್ರೋದ ಕಾನ್ಫಿಗ್ ಫೈಲನ್ನೇ ತೆಗೆದುಕೊಂಡು ಎಚ್‌ಝಡ್ ಒಂದನ್ನೇ ಬದಲಿಸಿ. ಬೇರೆ ಏನನ್ನೂ ಮುಟ್ಟಬೇಡಿ. ಹೋಲಿಸಲು ಬೇಕಾದ ಹಳೇ ಎಚ್‌ಝಡ್‌ನ ಕರ್ನೆಲನ್ನೂ ಅದೇ ಸೋರ್ಸಿನಿಂದ, ಅದೇ ಕಂಪೈಲರಿನಿಂದ ಮಾಡಿಕೊಳ್ಳಿ. ಡಿಸ್ಟ್ರೋದ ತಯಾರಿ ಕರ್ನೆಲಿಗೂ ನೀವು ಮಾಡಿದ್ದಕ್ಕೂ ಹೋಲಿಸಿದರೆ ಹತ್ತು ವ್ಯತ್ಯಾಸ ಒಟ್ಟಿಗೆ ಬರುತ್ತವೆ. ಲೋಕಲ್ ಮಾಡ್ ಕಾನ್ಫಿಗ್ ಎಂಬ ಆಯ್ಕೆ ನಿಮ್ಮ ಯಂತ್ರಕ್ಕೆ ಬೇಕಾದ ಮಾಡ್ಯೂಲ್ ಮಾತ್ರ ಉಳಿಸುತ್ತದೆ. ಹಳೇ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಸಮಯ ತುಂಬಾ ಕಡಿಮೆಯಾಗುತ್ತದೆ. ಅದನ್ನು ಓಡಿಸುವ ಮೊದಲು ನೀವು ಬಳಸುವ ಪೆನ್‌ಡ್ರೈವ್, ಸೌಂಡ್ ಕಾರ್ಡ್, ಪ್ರಿಂಟರ್ ಎಲ್ಲ ಒಮ್ಮೆ ಸಿಕ್ಕಿಸಿ ಇಡಿ. ಇಲ್ಲದಿದ್ದರೆ ಅವುಗಳ ಡ್ರೈವರೂ ಬಿಟ್ಟುಹೋಗುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಕರ್ನೆಲ್ ಬೂಟ್ ಆಗುವುದಿಲ್ಲ. ಹಳೇ ಕರ್ನೆಲನ್ನು ಬೂಟ್ ಆಗುವಾಗ ಕಾಣುವ ಗ್ರಬ್ ಮೆನುವಿನಿಂದ ತೆಗೆಯಬೇಡಿ. ವೈಫೈ ಡ್ರೈವರನ್ನು ಡಿಕೆಎಂಎಸ್ (ಹೊಸ ಕರ್ನೆಲಿಗೆ ಡ್ರೈವರನ್ನು ಮತ್ತೆ ಬಿಲ್ಡ್ ಮಾಡುವ ವ್ಯವಸ್ಥೆ) ಮೂಲಕ ಹಾಕಿದ್ದರೆ ಹೊಸ ಕರ್ನೆಲಿಗೂ ಅದು ಬಿಲ್ಡ್ ಆಯಿತಾ ಎಂದು ರೀಬೂಟ್ ಮಾಡುವ ಮೊದಲೇ ನೋಡಿ.